ಕೆಂಪು ಪುಸ್ತಕ, ನೀಲಿ ಪುಸ್ತಕ

"ಇದು ಮೂರನೇ ಸಲ ಬರ್ತಿರೋದು ಅಕ್ಕಾ. ನಮ್ಮ ಮಾವನ ಮನೆಗೂ ಇಷ್ಟು ಸಲ ಹೋಗಿಲ್ಲ," ಎನ್ನುತ್ತಾ ರಿಪೇರಿಯವನು ಚೀಲವನ್ನು ಮೇಜಿನ ಮೇಲಿಟ್ಟ. "ಮೆಷಿನ್ನಿಗೆ ಏನೂ ಆಗಿಲ್ಲ ಅಂತ ಹೋದ ತಿಂಗಳೇ ಹೇಳಿದ್ನಲ್ಲ?"

"ಆಗಿದೆ. ಕಮ್ಮಿ ತೋರಿಸ್ತಿದೆ. ಸುಮ್ನೆ ಬಿಚ್ಚಿ ನೋಡು," ಎಂದಳು ಊದಕ್ಕ.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಎದೆರೋಗದ ವಿಭಾಗದಲ್ಲಿ ರೋಗಿಗಳ ಬಾಯಿಗೆ ಕೊಳವೆ ಕೊಟ್ಟು, "ಊದಿ, ಊದಿ, ಊದಿ! ಇನ್ನೂ ಇದೆ, ಬಿಡಬೇಡಿ!" ಎಂದು ಕೂಗಿ ಅವರ ಉಸಿರು ಅಳೆಯುವುದು ಇಪ್ಪತ್ತೆಂಟು ವರ್ಷಗಳಿಂದ ಅವಳ ಕೆಲಸ. ಆ ಕೂಗಿಗೆ ಪಕ್ಕದ ಹಲ್ಲಿನ ವಿಭಾಗದಲ್ಲಿ ಕೂತವರೂ ಕೆನ್ನೆ ಉಬ್ಬಿಸುತ್ತಾರೆ ಎಂಬುದು ಅಲ್ಲಿನ ಹಳೆಯ ತಮಾಷೆ.

ಅಂದು ವಿಭಾಗ ಹೊಸ ಕಟ್ಟಡಕ್ಕೆ ಹೋಗುವ ದಿನ. ಬೀರುಗಳು ಆಗಲೇ ಹೊರಟಿದ್ದವು. ಕಿಟಕಿಯ ಪಕ್ಕ ಕೋಲೂರಿಕೊಂಡು ದೊಡ್ಡ ಡಾಕ್ಟರು ಕೂತಿದ್ದರು. ನಿವೃತ್ತರಾಗಿ ಹತ್ತು ವರ್ಷ. ಖಾಲಿಯಾಗುವ ಮೊದಲು ಕೋಣೆಯನ್ನೊಮ್ಮೆ ನೋಡಬೇಕೆಂದು ಬಂದಿದ್ದರು. ಅವರು ವಿಭಾಗ ಶುರುಮಾಡಿದಾಗ ಇದು ವಾರ್ಡಿನ ಹಾಸು ಹೊದಿಕೆ ಒಟ್ಟುವ ಜಾಗ. ಒಗೆದ ಬಟ್ಟೆಯ ಆ ವಾಸನೆ ಈಗಲೂ ಗೋಡೆಯಲ್ಲೆಲ್ಲೋ ಇದೆಯೆಂದು ಅವರಿಗನ್ನಿಸಿತು.

"ಆ ಮೂಲೇಲಿ ತಾನೇ ನಮ್ಮ ಗೊರಕೆ ಮಂಚ ಇದ್ದಿದ್ದು?"

"ಹೂಂ ಸರ್. ನಿದ್ದೇಲಿ ರೋಗಿ ಉಸಿರು ಎಷ್ಟು ಸಲ ನಿಲ್ಲುತ್ತೆ ಅಂತ ನೀವು ವಾಚ್ ಹಿಡ್ಕೊಂಡು ಎಣಿಸೋಕೆ ಕೂತಿದ್ರಿ. ಬೆಳಿಗ್ಗೆ ನಾನು ಬಂದ್ರೆ ಇಬ್ಬರದೂ ಗೊರಕೆ!"

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊರಕೆಗೂ ಒಂದು ಡಿಪಾರ್ಟ್‌ಮೆಂಟಾ ಎಂದು ಆಗಿನ ಮೇಲಧಿಕಾರಿ ಮೂಗು ಮುರಿದಿದ್ದ. ಈಗ ದೇಶದ ಪ್ರತಿ ದೊಡ್ಡಾಸ್ಪತ್ರೆಯಲ್ಲೂ ಶ್ವಾಸ ಮತ್ತು ನಿದ್ರೆಯ ವಿಭಾಗ ತೆರೆಯಬೇಕೆಂದು ಸರ್ಕಾರವೇ ಆದೇಶ ಹೊರಡಿಸಿದೆ. ಹೊಸ ಕಟ್ಟಡದಲ್ಲಿ ನಿದ್ದೆ ಪರೀಕ್ಷೆಗೆಂದೇ ಆರು ಕೋಣೆ.

ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ನೀಲಿಯದು ರೋಗಿಗಳದು, ಕೆಂಪು ಊದಕ್ಕನದು. ಮೊದಲು ಮೆಷಿನ್ ಎಂದರೆ ನೀರು ತುಂಬಿದ ಡ್ರಮ್ಮು, ಊದಿದರೆ ಮೇಲೇಳುವ ಮುಚ್ಚಳ, ಕಾಗದದ ಮೇಲೆ ಗೆರೆ ಎಳೆಯುವ ಪೆನ್ನು. ಅದರ ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಬೇರೇನೂ ಇರಲಿಲ್ಲ. "ಬೀಡಿ ಸೇದಲ್ಲ, ಉಬ್ಬಸ ಇಲ್ಲ. ಇನ್ಮೇಲೆ ನಿನ್ನ ಉಸಿರೇ ನಮ್ಮ ತೂಕದ ಕಲ್ಲು," ಎಂದಿದ್ದರು ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ಅವಳು ಊದಿ ಕೆಂಪು ಪುಸ್ತಕದಲ್ಲಿ ಬರೆಯುತ್ತಿದ್ದಳು. ಅವಳ ಅಂಕಿ ಬಂದರೆ ಮೆಷಿನ್ ಸರಿ, ಬಾರದಿದ್ದರೆ ಮೆಷಿನ್ ಕೆಟ್ಟಿದೆ. ಮೆಷಿನ್ನುಗಳು ಬದಲಾದವು, ಈ ಕ್ರಮ ಬದಲಾಗಲಿಲ್ಲ. ವಯಸ್ಸಿನ ಜೊತೆ ಕೂದಲೆಳೆಯಷ್ಟು ಇಳಿದದ್ದು ಬಿಟ್ಟರೆ ಆ ಅಂಕಿ ಎಂದೂ ಕೈಕೊಟ್ಟಿರಲಿಲ್ಲ. ನಾಲ್ಕು ತಿಂಗಳಿಂದ ಮಾತ್ರ ಎರಡೂವರೆ ಲೀಟರ್ ಇದ್ದದ್ದು ಎರಡೂಕಾಲು, ಎರಡು, ಈಗ ಅದಕ್ಕೂ ಕಡಿಮೆ. ಮೆಷಿನ್ನಿನ ಮೇಲಿನ ಸಿಟ್ಟಿಗೆ ಅವಳು ರೋಗಿಗಳಿಂದ ಮತ್ತೆ ಮತ್ತೆ ಊದಿಸುತ್ತಿದ್ದಳು.

ರಿಪೇರಿಯವನು ಈ ಸಲ ಚೀಲದಿಂದ ಮೊಳದುದ್ದದ ದಪ್ಪ ಸಿರಿಂಜ್ ತೆಗೆದ. "ಹೊಸ ಕಟ್ಟಡಕ್ಕೆ ಅಂತ ಬಂದಿದ್ದು. ಸರಿಯಾಗಿ ಮೂರು ಲೀಟರ್ ಗಾಳಿ ಹಿಡಿಯುತ್ತೆ. ಇವತ್ತಿಗೆ ನಮ್ಮಿಬ್ಬರ ಜಗಳ ಮುಗೀಲಿ."

ಸಿರಿಂಜನ್ನು ಮೆಷಿನ್ನಿನ ಕೊಳವೆಗೆ ಸಿಕ್ಕಿಸಿ ಹಿಡಿ ಒತ್ತಿದ. ಮೂರು. ನಿಧಾನಕ್ಕೆ ಒತ್ತಿದ. ಮೂರು. ಜೋರಾಗಿ ಒತ್ತಿದರೂ ಮೂರೇ.

"ನೋಡಿದ್ರಾ? ಬಂಗಾರದಂಥ ಮೆಷಿನ್ನು," ಎಂದು ನಗುತ್ತಾ ತಿರುಗಿದವನು ಅವಳ ಮುಖ ಕಂಡು ಸಿರಿಂಜನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಸಿರಿಂಜೇ ಸರಿಯಿಲ್ವೇನೋ," ಎಂದಳು ಊದಕ್ಕ.

ದೊಡ್ಡ ಡಾಕ್ಟರು ಕೆಂಪು ಪುಸ್ತಕದ ಕೊನೆಯ ಪುಟಗಳನ್ನು ಒಂದೊಂದಾಗಿ ತಿರುವಿದರು. "ನಾನು ಬರುವಾಗ ನೀನು ಮೆಟ್ಟಿಲ ತಿರುವಲ್ಲಿ ಕಂಬಿ ಹಿಡ್ಕೊಂಡು ನೋಟಿಸ್ ಬೋರ್ಡ್ ಓದ್ತಾ ನಿಂತಿದ್ದೆಯಲ್ಲ?"

"ದಿನಾ ಓದ್ತೀನಿ ಸರ್."

"ಏನಿದೆ ಅದರಲ್ಲಿ?"

"ರಕ್ತದಾನ ಶಿಬಿರ," ಎಂದಳು. "ಹೋದ ವರ್ಷದ್ದು."

ಅವರು ಕೋಲಿನಿಂದ ರೋಗಿಗಳ ಕುರ್ಚಿ ತೋರಿಸಿದರು. ಇಷ್ಟು ವರ್ಷವೂ ಅವಳು ಮೇಜಿನ ಈಚೆ ನಿಂತೇ ಊದಿದ್ದಳು. ಆ ಕುರ್ಚಿ ಇಷ್ಟು ತಗ್ಗು ಎಂದು ಕೂತ ಮೇಲೆಯೇ ಗೊತ್ತಾಯಿತು. ಡಾಕ್ಟರು ಅವಳ ಮೂಗಿಗೆ ಕ್ಲಿಪ್ ಹಾಕಿ, ಕೊಳವೆ ಕೊಟ್ಟು, "ಊದಮ್ಮಾ... ಊದು..." ಎಂದರು ಮೆಲ್ಲಗೆ.

ಅವಳು ಬಾಯಿಂದ ಕೊಳವೆ ತೆಗೆದಳು. "ಹಾಗೆ ಹರಕೆ ಹೊತ್ಕೊಂಡಂಗೆ ಹೇಳಿದ್ರೆ ಯಾರು ಊದ್ತಾರೆ ಸರ್? ಗದರಿಸಿ!"

ಡಾಕ್ಟರು ಕೋಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಂತರು. "ಊದು! ಊದು! ಊದು! ಇನ್ನೂ ಇದೆ, ಬಿಡಬೇಡ!" ಒಡಕು ದನಿ ಖಾಲಿ ಗೋಡೆಗಳಿಗೆ ಬಡಿದು ಓಣಿಯುದ್ದಕ್ಕೂ ಹೋಯಿತು. ಹೊರಗೆ ಕೊನೆಯ ಬೆಂಚು ಹೊತ್ತಿದ್ದ ಇಬ್ಬರು ನಿಂತರು. ರಿಪೇರಿಯವನು ತನಗರಿವಿಲ್ಲದೆ ಕೆನ್ನೆ ಉಬ್ಬಿಸಿದ್ದ.

ಮೆಷಿನ್ನಿನಿಂದ ಚೀಟಿ ಹೊರಬಂತು. ಅವನು ಅದನ್ನು ಹರಿದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಕೆಂಪು ಪುಸ್ತಕದತ್ತ ಬಾಗಿದ. "ಇದರಲ್ಲೇ ಬರೀಲಾ ಅಕ್ಕಾ?"

ಅವಳಿಗೆ ಮಾತಾಡುವಷ್ಟು ಉಸಿರು ಇನ್ನೂ ಕೂಡಿರಲಿಲ್ಲ. ಕೈ ಚಾಚಿ ನೀಲಿ ಪುಸ್ತಕವನ್ನು ಎಳೆದುಕೊಂಡಳು. ನಿನ್ನೆಯ ಕೊನೆಯ ರೋಗಿಯ ಕೆಳಗೆ ಖಾಲಿಯಿದ್ದ ಸಾಲಿನ ಮೇಲೆ ಬೆರಳಿಟ್ಟು, ಪೆನ್ನಿಗಾಗಿ ಇನ್ನೊಂದು ಅಂಗೈ ಒಡ್ಡಿದಳು.