ಇನ್ನೂರ ಹನ್ನೆರಡರ ಉತ್ತರ

ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಸರಾಸರಿ ಸಾಹೇಬರು ಎಂದೇ. ವರ್ಷಗಳು ಉರುಳಿದಂತೆ ಜನರ ಮನಸ್ಸಿನ ಆರೋಗ್ಯ ಹೇಗೆ ಬದಲಾಗುತ್ತದೆ ಎಂದು ಅಳೆಯುವ ಅಧ್ಯಯನ ಅವರದು. ಅದೇ ಜನ, ಅವೇ ಪ್ರಶ್ನೆಗಳು, ಪ್ರತಿ ವರ್ಷ. ಇದನ್ನು ಶುರುಮಾಡಿದ ಮನೋವೈದ್ಯೆ, ಎಲ್ಲರ ಡಾಕ್ಟರಮ್ಮ, ಜನರ ಮುಖ ಬಲ್ಲವರು. ಸಾಹೇಬರು ಬರೀ ಅಂಕಿ ಬಲ್ಲವರು. ಯಾವ ಅಂಕಿಗೆ ಯಾವ ಮುಖ ಎಂದು ಸಾಹೇಬರಿಗೆ ತಿಳಿಯಕೂಡದು. ಹತ್ತು ವರ್ಷದಿಂದ ಇಬ್ಬರೂ ಹಾವು ಮುಂಗುಸಿಯಂತೆ ಜಗಳವಾಡುತ್ತ, ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತ ಬಂದಿದ್ದರು.

ಅಂಕಿಗೆ ಕರುಳಿಲ್ಲ ಎನ್ನುತ್ತಾರೆ. ಶುದ್ಧ ಸುಳ್ಳು. ಇನ್ನೂರ ಹನ್ನೆರಡನೇ ನಂಬರಿನ ಹೆಂಗಸಿಗಾಗಿ ಸಾಹೇಬರ ಕರುಳು ಚುರುಕ್ಕೆನ್ನುತ್ತಿತ್ತು. ಮನಸ್ಸಿಗೆ ತೀರಾ ಬೇಸರವಾದಾಗ ಫೋನ್ ಮಾಡಬಹುದಾದವರು ನಿಮಗೆ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆಗೆ ಆಕೆಯ ಉತ್ತರ ವರ್ಷವರ್ಷವೂ ಸೊನ್ನೆ. ಯಾರೋ, ಎಲ್ಲಿಯವಳೋ. ಆದರೂ ಹೊಸ ಅಂಕಿಗಳು ಬಂದ ಕೂಡಲೇ ಸಾಹೇಬರ ಕಣ್ಣು ಓಡುತ್ತಿದ್ದುದು ಆ ಸಾಲಿಗೆ, ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ನನ್ನ ಸವತಿಗೆ ಈ ಸಲವೂ ಯಾರೂ ಸಿಗಲಿಲ್ಲವೇ ಎಂದು ಹೆಂಡತಿ ಕಿಚಾಯಿಸುವಳು, ಆಮೇಲೆ ತಾನೂ ನಿಟ್ಟುಸಿರು ಬಿಡುವಳು.

ಈಗ ನಡೆಯುತ್ತಿದ್ದುದು ಕಡೆಯ ಸುತ್ತು. ಇದು ಮುಗಿದರೆ ಆ ಒಂಟಿ ಜೀವಕ್ಕೆ ಯಾರಾದರೂ ಸಿಕ್ಕರೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ.

ಅಷ್ಟರಲ್ಲಿ ಪ್ರಶ್ನೆ ಕೇಳಲು ಮನೆಮನೆಗೆ ಹೋಗುವವರೆಲ್ಲ ಜ್ವರ ಹಿಡಿದು ಮಲಗಿದರು. ಡಾಕ್ಟರಮ್ಮ ಪ್ರಶ್ನೆಗಳಿದ್ದ ಪರದೆಯ ಟ್ಯಾಬ್ಲೆಟ್ಟನ್ನೂ ಒಂದು ಮನೆಯ ವಿಳಾಸವನ್ನೂ ಸಾಹೇಬರ ಕೈಗೆ ತುರುಕಿದರು. ತನಗೆ ಜನರ ಹತ್ತಿರ ಮಾತಾಡಿ ಗೊತ್ತಿಲ್ಲ ಎಂದು ಸಾಹೇಬರು ಗೋಗರೆದರು. ಯಾರು ಕೇಳಬೇಕು?

"ಬರೆದಿರೋ ಹಾಗೇ ಓದಿ. ಏನೇ ಉತ್ತರ ಬರಲಿ, ಮುಖದಲ್ಲಿ ತೋರಿಸ್ಬೇಡಿ. ಗೋಡೆ ಥರ ಕೂತಿರಿ, ಸಾಕು," ಎಂದರು ಡಾಕ್ಟರಮ್ಮ.

ಹಿಂದಿನ ಉತ್ತರ ಗೊತ್ತಿರುವವರು ಪ್ರಶ್ನೆ ಕೇಳಕೂಡದೆಂಬ ಇನ್ನೊಂದು ನಿಯಮವೂ ಇತ್ತು. ಬರೆದವರು ಸಾಕ್ಷಾತ್ ಸಾಹೇಬರೇ. ಆದರೆ ಅಷ್ಟೊಂದು ಜನರ ಉತ್ತರ ಯಾವ ಭೂಪನಿಗೆ ನೆನಪಿರುತ್ತದೆ ಎಂದು ಆ ಗಡಿಬಿಡಿಯಲ್ಲಿ ಇಬ್ಬರೂ ಅದನ್ನು ಗಾಳಿಗೆ ತೂರಿದರು.

ಮೂರನೇ ಮಹಡಿ, ಲಿಫ್ಟ್ ಇಲ್ಲ. ಏದುಸಿರು ಬಿಡುತ್ತ ಬಂದ ಸಾಹೇಬರಿಗೆ ಬಾಗಿಲು ತೆರೆದವಳು ಶಾಲೆಯ ವ್ಯಾನ್ ಓಡಿಸುವ ನಡುವಯಸ್ಸಿನ ಹೆಂಗಸು. ಯಾವುದೋ ಮಗು ವ್ಯಾನಿನಲ್ಲಿ ಮರೆತ ಬ್ಯಾಗಿನ ಜಿಪ್ ಸರಿಮಾಡುತ್ತ, ಕೇಳಿ ಕೇಳಿ ಎಂದಳು. ಸಾಹೇಬರು ಟ್ಯಾಬ್ಲೆಟ್ ತೆರೆದರು. ಪರದೆಯ ನೆತ್ತಿಯ ಮೇಲೆ ಇನ್ನೂರ ಹನ್ನೆರಡು.

ಅವರು ಮತ್ತೊಮ್ಮೆ ನೋಡಿದರು, ಅದೇ ಅಂಕಿ. ಆ ಕ್ಷಣವೇ ಎದ್ದು ಬರಬೇಕಿತ್ತು, ನಿಜ. ಬರುವುದಕ್ಕೆ ಅವರೇನು ದೇವರೇ? ಕೂತರು.

ನಿದ್ದೆ ಹೇಗಿದೆ, ಹಸಿವು ಹೇಗಿದೆ ಎಂದು ಓದುತ್ತ ಓದುತ್ತ ಆ ಪ್ರಶ್ನೆ ಬಂದೇಬಿಟ್ಟಿತು. ಅದನ್ನೂ ಓದಿದರು. ಅವಳು ಜಿಪ್ ಬಿಟ್ಟು ಬೆರಳು ಮಡಿಸತೊಡಗಿದಳು.

"ತಂಗಿ ಒಬ್ಳು. ಎಷ್ಟೋ ವರ್ಷ ಮಾತು ಬಿಟ್ಟಿದ್ವಿ, ಹೋದ ಚಳಿಗಾಲದಲ್ಲಿ ಅವಳೇ ಬಂದ್ಳು. ಕೆಳಗಿನ ಮನೆ ಅಜ್ಜಿ. ನನ್ನ ಜೊತೆ ವ್ಯಾನ್ ಓಡಿಸೋರು ಇಬ್ರು. ನಾಲ್ಕು ಅಂತ ಬರ್ಕೊಳ್ಳಿ."

ಗೋಡೆ ಕುಸಿಯಿತು. ನಾಲ್ಕಾ, ನಾಲ್ಕಾ ಎನ್ನುತ್ತ ಸಾಹೇಬರು ಎದ್ದು ನಿಂತರು, ನಕ್ಕರು, ನಗುತ್ತಲೇ ಗಳಗಳ ಅತ್ತರು. ಪಾಪ, ಅವಳು ಗಾಬರಿಯಾಗಿ ನೀರು ತಂದುಕೊಟ್ಟು, ಇವರ ಬಿಕ್ಕು ನಿಲ್ಲುವ ತನಕ ಪಕ್ಕದಲ್ಲೇ ಕೂತಳು. ಯಾಕೆಂದು ಎಷ್ಟು ಕೇಳಿದರೂ ಸಾಹೇಬರು ಬಾಯಿಬಿಡಲಿಲ್ಲ. ಏನೆಂದು ಹೇಳಿಯಾರು? ಕೈಮುಗಿದು ಇಳಿದು ಬಂದರು.

ಆಫೀಸಿಗೆ ಬಂದವರೇ ಅವಳ ಉತ್ತರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಒಪ್ಪಿಕೊಂಡು, ಆ ಭೇಟಿಯ ಉತ್ತರಗಳನ್ನು ತಾವೇ ಅಳಿಸಿದರು. ಒಂದು ಸಾಲು ಬಿಟ್ಟುಕೊಡಬೇಕಾದರೆ ಮೂರು ದಿನ ಜಗಳವಾಡುತ್ತಿದ್ದ ಮನುಷ್ಯ! ಡಾಕ್ಟರಮ್ಮ ಮೊದಲು ಹಿಗ್ಗಾಮುಗ್ಗಾ ಬೈದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ಡಾಕ್ಟರಮ್ಮನೇ ಹೋಗಿ ಮತ್ತೆ ಕೇಳುವುದೆಂದು ತೀರ್ಮಾನವಾಯಿತು.

ಆ ವಾರವಿಡೀ ಸಾಹೇಬರಿಗೆ ಕೆಂಡದ ಮೇಲೆ ಕೂತ ಹಾಗಾಯಿತು. ಬಂದವನ ಮುಖ ನೋಡಿ ಕನಿಕರದಿಂದ ಒಂದೆರಡು ಸೇರಿಸಿ ಹೇಳಿದ್ದಳೋ ಏನೋ. ತಾನು ಅತ್ತಿದ್ದಕ್ಕೆ ಹೆದರಿ ಈಗ ಬಾಗಿಲೇ ತೆರೆಯದಿದ್ದರೆ?

ಡಾಕ್ಟರಮ್ಮ ಹೋಗಿ ಬಂದು, ಗೋಡೆಯಂಥ ಮುಖ ಮಾಡಿಕೊಂಡು ಎದುರಿಗೆ ಕೂತರು.

"ನಾಲ್ಕು ಕಣ್ರೀ, ಗಟ್ಟಿ ನಾಲ್ಕು," ಎಂದರು ಕಡೆಗೆ. "ತಂಗಿ ಅಲ್ಲೇ ಇದ್ಳು, ಇಬ್ರೂ ಸೇರಿ ನನ್ನ ತಲೆ ತಿಂದ್ರು."

ಸಾಹೇಬರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಹತ್ತು ವರ್ಷದ ಭಾರ ಇಳಿದಂತಾಯಿತು.

"ಇನ್ನೂ ಇದೆ," ಎಂದರು ಡಾಕ್ಟರಮ್ಮ. ಅವರ ದನಿ ಯಾಕೋ ಸಣ್ಣಗಾಗಿತ್ತು. "ಪ್ರಶ್ನೆ ಎಲ್ಲಾ ಮುಗಿದ ಮೇಲೆ ಅವಳು ನನ್ನನ್ನೇ ಒಂದು ಪ್ರಶ್ನೆ ಕೇಳಿದ್ಳು. ಹೋದ ವಾರ ಬಂದಿದ್ರಲ್ಲ, ಅವ್ರಿಗೆ ಬೇಸರ ಆದಾಗ ಫೋನ್ ಮಾಡೋಕೆ ಯಾರಾದ್ರೂ ಇದ್ದಾರಾ ಅಂತ. ಇಲ್ಲದಿದ್ರೆ ನನಗೆ ಮಾಡೋಕೆ ಹೇಳಿ ಅಂದ್ಳು."