ಊಟಕ್ಕೆ ಮೊದಲಿನ ಕಹಿ

ಮಂಜು — ಇಷ್ಟು ಮಂಜು ನವನಗರದಲ್ಲಿ ಎಂದಾದರೂ ಬಿದ್ದಿತ್ತೇನು, ಹಿನ್ನೀರಿನ ಮೇಲಿಂದ ಎದ್ದು ಬಂದು ಎದುರಿನ ಸಾಲುಮನೆಗಳನ್ನು ನುಂಗಿ, ನೀರಿನ ಟಾಕಿಯನ್ನೂ ನುಂಗಿ, ಈಗ ಅಡುಗೆಮನೆಯ ಕಿಟಕಿಗೆ ಮುಖವಿಟ್ಟು ಒಳಗೇನು ನಡೆದಿದೆ ಅಂತ ಇಣುಕುತ್ತಿದೆ, ಇಣುಕಲಿ, ಇವತ್ತು ಈ ಮನೆಯಲ್ಲಿ ನೋಡುವಂಥದ್ದೇ ನಡೆದಿದೆ ಅಂದುಕೊಂಡಳು ಮಹಾದೇವಿ, ಕೈಯಲ್ಲಿ ಕಿತ್ತಳೆ, ಎದೆಯೊಳಗೆ ಡೊಳ್ಳು, ನಲವತ್ತೆರಡು ವರ್ಷದ ಹೆಂಗಸಿಗೆ ಪರೀಕ್ಷೆಗೆ ಹೊಂಟ ಸಾಲಿ ಹುಡುಗಿಯ ಗಡಿಬಿಡಿ ಯಾಕೆ — ಹನ್ನೊಂದಕ್ಕೆ ರುಚಿ ನೋಡಲು ಬರುತ್ತಾನೆ ಪ್ರವೀಣಕುಮಾರ, ಬಾದಾಮಿಯ ಹೋಟೆಲಿನ ಹೊಸ ಮ್ಯಾನೇಜರ, ಈ ಮಂಜಿನಲ್ಲಿ ಗಾಡಿ ನಿಧಾನ ಬಂದರೆ ಹನ್ನೊಂದೂವರೆ, ಬೀರಪ್ಪ ದೇವರೇ, ಲಗೂನ ಬರಲಿ, ಬ್ಯಾಡ ಬ್ಯಾಡ, ತಡಾ ಮಾಡಿ ಬರಲಿ, ಇನ್ನೂ ಬರ್ಫ ಒಡೆದಿಲ್ಲ, ಐಸಿನ ಗಡ್ಡೆ ಹಾಗೇ ಇದೆ. ಪಡಸಾಲೆಯಿಂದ ಗಂಡನ ದನಿ ಬರುತ್ತಲೇ ಇದೆ, ಬಲಗೈಗೆ ಪ್ಲಾಸ್ಟರ್ ಬಿದ್ದ ಮೇಲೆ ಬೀರಲಿಂಗನ ಬಾಯಿಗೆ ಎರಡು ಕೈಯಷ್ಟು ಕೆಲಸ, ಸ್ಕೂಟರ್ ಜಾರಿ ಹದಿನೆಂಟು ದಿನ, ಅದೇ ಹೋಟೆಲಿನ ಬಾರಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತ ಮನುಷ್ಯ ಈಗ ಕುರ್ಚಿಯಲ್ಲಿ ಕೂತು ಕೂಗುತ್ತಾನೆ, ಜಿನ್ ಒಂದ್ ಅಳತಿ, ವರ್ಮೂತ ಒಂದ್ ಅಳತಿ, ಕಹಿ ಒಂದ್ ಅಳತಿ, ಮೂರೂ ಸರಿಸಮ, ಕೇಳಸ್ತೇನ ಮಹಾದೇವಿ, ಕೇಳಸ್ತರೀ, ಮೂರನೇ ಓಣಿಗೂ ಕೇಳಸ್ತು ಅಂದಳು ಅವಳು, ನಕ್ಕಳು, ಮೂಗಿಗೆ ಸೆರಗು ಅಡ್ಡ ಹಿಡಿದು ಜಿನ್ನಿನ ಬಿರಡೆ ತೆಗೆದಳು, ದವಾಖಾನಿ ವಾಸನೆ, ಅದರ ಹಿಂದೆ ಏನೋ ಕಾಡುಕಾಯಿಯ ವಾಸನೆ, ವರ್ಮೂತು ಪರವಾಗಿಲ್ಲ, ದ್ರಾಕ್ಷಿಯಲ್ಲಿ ಸೊಪ್ಪುಸದೆ ನೆನೆಹಾಕಿದ ಹಾಗೆ, ಇವೆರಡೂ ಹೋಟೆಲಿನ ದಾರು, ಪರದೇಶದವು, ಆದರೆ ಮೂರನೆಯದು, ಈ ಗಿಡ್ಡ ಬಾಟಲಿಯ ಕೆಂಪು, ಕಣ್ಣಿಗೆ ಹಿಡಿದರೆ ಬಾದಾಮಿ ಗುಡ್ಡದ ಸಂಜೆಯ ಕೆಂಪು — ಇದು ಅವಳದು.

ಅವಳದು, ಅವಳಿಗಿಂತ ಮೊದಲು ಅವಳ ಅವ್ವ ರಂಗವ್ವನದು, ಬೇವೂರಿನ ಮನೆಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಣ್ಣಿನ ಗಡಿಗೆ, ನೆಲಬೇವು, ದಾಳಿಂಬ್ರಿ ಸಿಪ್ಪೆ, ಒಣಗಿದ ಕಿತ್ತಳೆ ಸಿಪ್ಪೆ, ಬೆರಳಷ್ಟು ಒಣಶುಂಠಿ, ಬಣ್ಣಕ್ಕೂ ಹುಳಿಗೂ ಕೆಂಪು ಪುಂಡಿಯ ಹೂದಳ, ನಾಲ್ಕು ಪಾಲು ನೀರು ಒಂದು ಪಾಲಾಗುವ ತನಕ ಕುದಿಸಿ ಬೆಲ್ಲ ಹಾಕಿ ಇಳಿಸಿದರೆ ಅದಕ್ಕೊಂದು ಹೊಳಪು, ಬೀಗರು ಬಂದಾಗ ಎಲೆ ಹಾಕುವ ಮೊದಲು ಎಲ್ಲರ ಅಂಗೈಗೆ ಒಂದು ಗುಟುಕು, ಮುಖ ಕಿವುಚಿದವರಿಗೆ ಅವ್ವ ಹೇಳುವಳು, ಕಿವಚ್ರಿ ಕಿವಚ್ರಿ, ಇನ್ನೊಂದ್ ಗಳಿಗಿಗೆ ಹಸಿವಿ ಹೆಂಗ ಎದ್ದು ಕುಂದರ್ತೈತಿ ನೋಡ್ರಿ, ಕಹಿ ಹೋಗಿ ಬಾಗಿಲಾ ತಗೀತೈತಿ, ಊಟ ಒಳಗ ಬರ್ತೈತಿ — ಒಂಬತ್ತು ವರ್ಷದ ಕೆಳಗೆ ಅದೇ ಕಹಿಯನ್ನು ಹೊಟ್ಟೆ ಕಟ್ಟಿದೆ ಅಂದ ಗಂಡನಿಗೆ ಬಾಟಲಿಯಲ್ಲಿ ಕಟ್ಟಿ ಕಳಿಸಿದ್ದಳು ಮಹಾದೇವಿ, ಅವನು ಅದನ್ನು ಜಿನ್ನಿಗೆ ಬೆರೆಸಿ ಯಾರೋ ಫ್ರಾನ್ಸಿನ ಮುದುಕನಿಗೆ ಕೊಟ್ಟನಂತೆ, ಮುದುಕ ಎದ್ದು ನಿಂತು ಕೈ ಕುಲುಕಿದನಂತೆ, ಆವತ್ತಿನಿಂದ ಅದು ಬೀರಲಿಂಗನ ಕೆಂಪು, ಕೇಳಿದವರಿಗೆಲ್ಲ ಒಂದು ಕಥೆ, ನಮ್ಮ ಅಜ್ಜ ಕುರಿ ಹಿಂದ ಗುಡ್ಡಾ ಗುಡ್ಡಾ ತಿರುಗಿ ಹುಡುಕಿದ ಬೇರು ಸರ್ — ಅಜ್ಜ! ಅಜ್ಜನಿಗೆ ಎಲೆಅಡಿಕೆ ಬಿಟ್ಟರೆ ಬೇರೆ ಗಿಡ ಗೊತ್ತಿತ್ತೇನು, ಒಂದು ಸಲ ಹೋಟೆಲಿನ ಅಂಗಳದಲ್ಲಿ ನಿಂತು ಆ ಕಥೆಯನ್ನು ಅವಳೇ ಕಿವಿಯಾರೆ ಕೇಳಿದ್ದಳು, ಅವನಿಗೆ ಅವಳು ಕಂಡಿದ್ದಳು, ಕಂಡೂ ಕಥೆ ಮುಂದುವರಿಸಿದ್ದ, ಮನೆಗೆ ಬಂದು ಇಬ್ಬರೂ ಆ ಮಾತು ಎತ್ತಲಿಲ್ಲ. ಸಿಟ್ಟಲ್ಲ, ಬೀರಪ್ಪನಾಣೆ ಸಿಟ್ಟಲ್ಲ, ಒಳ್ಳೆಯ ಮನುಷ್ಯ, ಹೊಡೆದವನಲ್ಲ ಬಡಿದವನಲ್ಲ, ಆದರೆ ಇವತ್ತು ಮ್ಯಾನೇಜರ ರುಚಿ ನೋಡಿ ಹೂಂ ಅಂದರೆ ಈ ಕೆಂಪು ಬಾರಿನ ಚಳಿಗಾಲದ ಹೊಸ ಮೆನು ಕಾರ್ಡಿನಲ್ಲಿ ಅಚ್ಚಾಗುತ್ತದೆ, ಅಚ್ಚಾದದ್ದನ್ನು ಮತ್ತೆ ತಿದ್ದುವುದುಂಟೆ, ಅದಕ್ಕೇ ಇವತ್ತು, ಇವತ್ತೊಂದು ದಿನ, ಹೊರಗಿನ ಮನುಷ್ಯನ ಮುಂದೆ ಗಂಡನ ಬಾಯಿಂದ ಒಂದು ಮಾತು, ಕಹಿ ಆಕೀದು ಅಂತ, ಅಷ್ಟೇ ಬೇಕು, ಕೇಳಿ ಪಡೆಯುವುದಲ್ಲ ಅದು, ಕೇಳಿ ಪಡೆದರೆ ಅದಕ್ಕೇನು ರುಚಿ.

ಮೀರಾಸಾಬನ ಸೋಡಾ ಅಂಗಡಿಯ ಬರ್ಫ, ಗೋಣಿಚೀಲದಲ್ಲಿ ಸುತ್ತಿದ್ದು, ಒನಕೆಯ ತುದಿಯಿಂದ ಒಂದೇ ಏಟು, ಕನ್ನಡಿಯ ಹಾಗೆ ಸೀಳಿತು, ಆಹಾ, ಗಾಜಿನ ಚಂಬು ತುಂಬ ಬರ್ಫ, ಮೂರೂ ಅಳತೆ ಸುರಿದಳು, ಬರ್ಫು ಚಟಚಟ ಮಾತಾಡಿತು, ಈಗ ಕಲಸು ಅಂತ ಕೂಗಿದ ಅವನು, ಕಲಸು ಅಂದರೆ — ಕೈ ತಾನಾಗಿ ಗೂಡಿನತ್ತ ಹೋಯಿತು, ಕುರಿ ಹಾಲು, ಆಡಿನ ಹಾಲು, ಎಮ್ಮೆ ಮೊಸರು, ಏಳನೇ ವರ್ಷದಿಂದ ಈ ಕೈಗೆ ಗೊತ್ತಿರುವ ಕೆಲಸ, ಕಡಗೋಲು ಚಂಬಿಗೆ ಇಳಿಯಿತು, ಎರಡು ಅಂಗೈ ನಡುವೆ ಗಿರಗಿರ, ಗಿರಗಿರ, ಏನು ಹುರುಪು, ಮಂಜೆಲ್ಲ ಓಡಿಹೋಗಬೇಕು ಅಂಥ ಹುರುಪು, ಆ ಸಪ್ಪಳ ಕೇಳಿ ಬೀರಲಿಂಗ ಎದ್ದು ಬಂದು ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡ, ಪ್ಲಾಸ್ಟರಿನ ಕೈಯಿಂದಲೇ ಬಡಿದುಕೊಂಡು ಯಪ್ಪೋ ಅಂದ, ಮಜ್ಜಿಗಿ ಮಾಡೀಯಲ್ಲ ತಾಯಿ, ಇನ್ನೊಂದೀಟು ಕಡಿ, ಬೆಣ್ಣಿ ತಗದು ರೊಟ್ಟಿಗೆ ಹಚ್ಚೂಣು! ನೋಡಿದಳು, ಹೌದು, ಮೇಲೆ ಬುರುಗು, ಕೆಳಗೆ ಕಲಕಿದ ಕೆಮ್ಮಣ್ಣು ನೀರು, ಬರ್ಫೆಲ್ಲ ಪುಡಿಯಾಗಿ ಕರಗಿ ಸಪ್ಪೆ, ಗುಡ್ಡದ ಕೆಂಪು ಎಲ್ಲಿ ಹೋಯಿತು, ಒಂದು ಗಳಿಗೆ ಕಣ್ಣು ತುಂಬಿದವು, ಮರುಗಳಿಗೆ ಅವನ ಮುಖ ನೋಡಿ ನಗು ಉಕ್ಕಿತು, ಇಬ್ಬರೂ ನಕ್ಕರು, ಚಂಬು ಹಿಡಿದುಕೊಂಡೇ ನಕ್ಕರು, ಆಮೇಲೆ ಅವಳು ಗಿಡ್ಡ ಬಾಟಲಿ ಎತ್ತಿ ನೋಡಿದಳು, ತಳದಲ್ಲಿ ಒಂದೇ ಅಳತೆ, ಹೊಸದಾಗಿ ಕುದಿಸಿ ಇಳಿಸಿ ಆರಿಸಲು ಒಂದು ದಿನ ಬೇಕು, ಗೋಡೆಯ ಗಡಿಯಾರ ಹತ್ತೂಮುಕ್ಕಾಲು, ನಗು ನಿಂತಿತು. ತಿರುವಬೇಕು ಮಹಾದೇವಿ, ಕಡೀಬಾರದು, ಸಪ್ಪಳ ಬರಬಾರದು, ಗಾಳಿ ಹೋಗಬಾರದು, ಹಿಂಗ, ಅಲ್ಲ ಹಿಂಗ, ಎಡಗೈಲೆ ತೋರಿಸತೇನಿ ತಡಿ — ಒಂದೀಟು ಸುಮ್ನ ಕುಂದರ್ತೀರೇನು, ಅಂದಳು, ತನ್ನ ದನಿಗೆ ತಾನೇ ಬೆರಗಾದಳು, ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ, ಅವನು ಮೂಲೆಯ ಮಣೆಯ ಮೇಲೆ ಕೂತೇಬಿಟ್ಟ.

ಹೊಸ ಬರ್ಫ, ಜಿನ್ನು, ವರ್ಮೂತು, ಕೊನೆಯ ಅಳತೆ ಕಹಿ, ಉದ್ದನೆಯ ಚಮಚ, ಅದರ ಬೆನ್ನು ಗಾಜಿನ ಗೋಡೆಗೆ ತಾಗಿ ತಾಗದ ಹಾಗೆ, ಬಲಕ್ಕೆ, ಬಲಕ್ಕೆ, ಇದು ಗೊತ್ತಲ್ಲ, ಅಯ್ಯೋ ಇದು ತನಗೆ ಗೊತ್ತು, ಬೇವೂರಿನ ಬೀರಪ್ಪನ ಗುಡಿ, ಬರಿಗಾಲು, ಕಾದ ಹಾಸುಗಲ್ಲು, ಗೋಡೆಗೆ ಅಂಗೈ ಸವರುತ್ತ ಬಲಕ್ಕೆ ನಡೆಯುವ ಪ್ರದಕ್ಷಿಣೆ, ಓಡಬಾರದು ನಿಲ್ಲಬಾರದು, ಕಾಲಿನ ಸಪ್ಪಳ ದೇವರಿಗೆ ಕೇಳಬಾರದು ಅನ್ನುತ್ತಿದ್ದಳು ಅವ್ವ, ಚಮಚ ಸುತ್ತಿತು, ಬರ್ಫಿನ ತುಂಡುಗಳೆಲ್ಲ ಒಂದಾಗಿ, ಜಾತ್ರೆಯ ಗದ್ದಲವಿಲ್ಲದ ದಿನದ ನಾಲ್ಕೇ ನಾಲ್ಕು ಭಕ್ತರ ಹಾಗೆ, ಸದ್ದಿಲ್ಲದೆ ಸುತ್ತಿದವು, ಬೀರಪ್ಪ, ಬೀರಪ್ಪ, ಒಂದು ಸುತ್ತಿಗೆ ಒಂದು ಹೆಸರು, ಹೊರಗೆ ಮಂಜು ಬೆಳ್ಳಗಾಯಿತು, ಅದರ ಹಿಂದೆ ಎಲ್ಲೋ ಸೂರ್ಯ, ಎಡಗೈಯ ಬೆರಳಿಗೆ ಚಂಬಿನ ತಂಪು ಹತ್ತಿತು, ಏರಿತು, ಉಗುರಿನ ಬುಡ ಜೋಮು ಹಿಡಿಯಿತು, ಸಾಕು, ಯಾರೂ ಹೇಳಲಿಲ್ಲ, ಮೊಸರು ಹೆಪ್ಪಾದದ್ದನ್ನು ಗಡಿಗೆಯ ಮೈ ಹೇಳುತ್ತದಲ್ಲ ಹಾಗೆ ಚಂಬು ಹೇಳಿತು, ಸಾಕು, ಸೋಸಿ ಗ್ಲಾಸಿಗೆ ಬಗ್ಗಿಸಿದಳು, ಬಂತು, ಅದೇ ಕೆಂಪು, ತಿಳಿಯಾಗಿ, ಒಂದು ಬುರುಗಿನ ಕಣವಿಲ್ಲ, ಕಿತ್ತಳೆ ಸಿಪ್ಪೆಯ ಪಟ್ಟಿ ಮೇಲೆ ಹಿಡಿದು ಹಿಂಡಿದಳು, ಕಣ್ಣಿಗೆ ಕಾಣದ ಎಣ್ಣೆಯ ತುಂತುರು, ಇಡೀ ಅಡುಗೆಮನೆ ಕಿತ್ತಳೆ ತೋಟ, ತಿರುಗಿ ನೋಡಿದರೆ ಬೀರಲಿಂಗ ಮಣೆಯ ಮೇಲೆ ಹಾಗೇ ಕೂತಿದ್ದ, ಅವನು ಗ್ಲಾಸಿನ ಕಡೆ ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದ.

ಬೀರಲಿಂಗಣ್ಣ ಅದೀರೇನ್ರಿ — ಬಂದ, ಬಂದೇಬಿಟ್ಟ, ಮಂಜು ಕೂತ ಚಸ್ಮಾ ಒರೆಸಿಕೊಳ್ಳುತ್ತ ಪ್ರವೀಣಕುಮಾರ, ನಮಸ್ಕಾರ್ರಿ ವೈನಿ, ಏನ್ ಥಂಡಿರಿ, ಪಡಸಾಲೆಯಲ್ಲಿ ಕೂತ, ಬೀರಲಿಂಗ ತಂದುಕೊಟ್ಟ ಗ್ಲಾಸು ತುಟಿಗಿಟ್ಟ, ಮಹಾದೇವಿ ಬಾಗಿಲ ಚೌಕಟ್ಟು ಹಿಡಿದಳು, ಅವನ ಮುಖ ಕಿವುಚಿತು, ಕಿವುಚಲಿ, ಕಿವುಚಲಿ, ತಡಿ ಇನ್ನೊಂದ್ ಗಳಿಗಿ, ಹುಬ್ಬು ಸಡಿಲಾದವು, ಇನ್ನೊಂದು ಗುಟುಕು, ನಾಲಿಗೆ ಮೇಲಿನ ತುಟಿ ಸವರಿತು, ಮನುಷ್ಯ ಅಡುಗೆಮನೆಯ ಕಡೆ ಕತ್ತು ಚಾಚಿ ವೈನಿ, ತಪ್ಪ ತಿಳೀಬ್ಯಾಡ್ರಿ, ಏನ ಪಲ್ಯಾ ಮಾಡೀರಿ ಅಂದ, ನಾಷ್ಟಾ ಮಾಡ್ಕೊಂಡ ಬಂದೇನಿ, ಆದ್ರೂ ಹಸಿವಿ ಆತು ನೋಡ್ರಿ — ಅವ್ವಾ, ಕೇಳಿದೇನ, ಬಾಗಿಲಾ ತಗೀತು, ಓಡಿಹೋಗಿ ಕುಣಿಯಬೇಕು ಅನ್ನಿಸಿತು, ಕಾಲು ಅಲ್ಲೇ ಹೂತಿತ್ತು, ಯಾಕೆಂದರೆ ಮ್ಯಾನೇಜರ ಕಿಸೆಯಿಂದ ಕಾಗದ ತೆಗೆದು ಪೆನ್ನಿನ ಟೋಪಿ ಬಿಚ್ಚಿದ್ದ, ಬೀರಲಿಂಗಣ್ಣ, ಕಾರ್ಡಿನ್ಯಾಗ ಹಾಕೇಬಿಡೂಣು, ಈ ಕಹಿ ಯಾರ್ದು, ಹೆಂಗ ಮಾಡ್ತೀರಿ, ನಾಕ್ ಸಾಲ ಹೇಳ್ರಿ, ಅದನ್ನೂ ಛಾಪಸೂಣು. ಬೀರಲಿಂಗ ಬೆನ್ನು ನೆಟ್ಟಗೆ ಮಾಡಿದ, ಕೌಂಟರಿನಲ್ಲಿ ನಿಲ್ಲುವ ಹಾಗೆ, ನಮ್ಮ ಅಜ್ಜ — ಅಂದ, ಬಂತು, ಕುರಿ ಬಂತು, ಗುಡ್ಡ ಬಂತು, ಮಹಾದೇವಿ ನೆಲ ನೋಡಿದಳು, ಆಯಿತು, ಇರಲಿ, ರುಚಿಯಂತೂ ಗೆದ್ದಿತಲ್ಲ, ನಮ್ಮ ಅಜ್ಜ — ಇನ್ನೊಮ್ಮೆ ಅಂದ, ಪ್ಲಾಸ್ಟರಿನ ಕೈ ನೋಡಿಕೊಂಡ, ಆಮೇಲೆ ಎಂದೂ ಇಲ್ಲದ ಸಣ್ಣ ದನಿಯಲ್ಲಿ, ಅವಳ ಕಡೆ ತಿರುಗದೆಯೇ, ನನಗ ಗೊತ್ತಿಲ್ರಿ ಸರ ಅಂದ, ಖರೇನ ಗೊತ್ತಿಲ್ಲ, ಕಹಿ ಆಕೀದು, ಒಂಬತ್ತ ವರ್ಷದಿಂದ ಆಕೀದ, ನಾ ಬರೇ ಗ್ಲಾಸಿಗೆ ಹಾಕಾಂವ, ಆಕೀನ್ನ ಕೇಳ್ರಿ.

ಪ್ರವೀಣಕುಮಾರ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಹೇಳ್ರಿ ವೈನಿ ಅಂದ, ಪೂರಾ ಹೆಸರ ಹೇಳ್ರಿ ಮೊದಲ, ಮಹಾದೇವಿಯ ಕಣ್ಣೆದುರು ಬಿಳಿ ಕಾಗದ, ಅದರ ಮೇಲೆ ಊರಿದ ಪೆನ್ನಿನ ತುದಿ, ತುದಿಯ ಕೆಳಗೆ ಒಂದು ನೀಲಿ ಚುಕ್ಕೆ, ಅವಳಿಗಾಗಿ ಕಾಯುತ್ತ ದೊಡ್ಡದಾಗುತ್ತಿದ್ದ ನೀಲಿ ಚುಕ್ಕೆ, ಮಹಾದೇವಿ ಅಂತ ಹೆಸರು ಹೇಳಿದಳು, ಚುಕ್ಕೆ ಅಕ್ಷರವಾಯಿತು.