ಒಳಗಿಂದ ಕೊಯ್ಯೋ ಬಾಗಿಲು

ಆಣೆಗೂ ನಡೆದದ್ದಿದು. ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ.

ಸತ್ತೋನ ತಮ್ಮ ಕೊಡಲಿ ಎತ್ತಿದ್ದೂ ಆಗಿತ್ತು. ಸತ್ತೋನ ಮಗಳು ಓಡಿಬಂದು ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಸರಿಯಮ್ಮ ಆ ಕಡೆ. ನಿಮ್ಮಪ್ಪನ್ನ ಹೊರಗೆ ತರ್ಬೇಕಾ ಬೇಡ್ವಾ?"

"ಕೊಡಲಿ ಬೇಡ ಚಿಕ್ಕಪ್ಪ. ಅಪ್ಪ ಮಾಡಿದ ಗೋಡೆ."

"ಗೋಡೆ ಮಾಡ್ದ, ಒಪ್ಕೊಂಡೆ. ಬಾಗಿಲೆಲ್ಲಿ? ಹೆಣ ತೆಗೆಯೋಕೂ ದಾರಿ ಇಡ್ದೆ ಸಾಯೋನು ನಮ್ಮಣ್ಣ ಒಬ್ನೇ ನೋಡು" ಅಂತಿದ್ದ ಹಾಗೇ ಆ ಮನುಷ್ಯನ ದನಿ ಒಡೆದುಹೋಯ್ತು.

ಗೇಟಿನ ಹತ್ರ ಹೆಣದ ಗಾಡಿ ಬಂದು ನಿಂತು ಗಂಟೆಯಾಗಿತ್ತು. ತೋಟದ ಒಡತಿ, ರಿಟೈರಾದ ಹೆಡ್‌ಮಿಸ್ಸು, "ಹೂಕುಂಡ ಇಡೋಕೆ ಒಂದು ಶೆಡ್ಡು ಕೇಳ್ದೆ, ಅಷ್ಟೇ" ಅಂತ ಬಂದೋರಿಗೆಲ್ಲ ತಪ್ಪು ಒಪ್ಕೊಳ್ಳೋ ಹಾಗೆ ಹೇಳ್ತಿದ್ರು.

ಸತ್ತೋನಿಗೆ ಡಬ್ಬಿ ಮೇಸ್ತ್ರಿ ಅಂತ್ಲೇ ಹೆಸರು. ತೋಟಕ್ಕೆ ಮರದ ಶೆಡ್ಡು ಮಾಡೋದ್ರಲ್ಲಿ ಎತ್ತಿದ ಕೈ. ದರ್ಜಿ ಥರ ಮೊದಲು ಗಿರಾಕಿಯನ್ನೇ ಅಳೆಯೋನು: ಎಷ್ಟು ಬಗ್ತಾರೆ, ಗುದ್ದಲಿ ಯಾವ ಕೈಯಲ್ಲಿ ಹಿಡೀತಾರೆ, ಕೂತ್ರೆ ಏನು ಕಾಣ್ಬೇಕು. ಆಮೇಲೆ ನಾಲ್ಕೂ ಗೋಡೆ ಮುಚ್ಚಿ, ಚಾವಣೀಲಿ ಒಂದು ಹಲಗೆಯಷ್ಟು ಕಿಂಡಿ ಬಿಟ್ಟು, ಅದ್ರಲ್ಲಿ ಹಾವಿನ ಹಾಗೆ ಒಳಗಿಳಿಯೋನು. ಬಾಗಿಲು ಕೊನೇಗೆ. "ಯಾವ ಕಡೆ ಹೊರಗೆ ಹೋಗ್ಬೇಕು ಅನ್ನೋದು ಒಳಗಿರೋನಿಗೇ ಗೊತ್ತಾಗೋದು" ಅನ್ನೋನು. ಒಂದ್ಸಲ ಮೂರು ದಿನ ಕೂತಿದ್ದ. ಹೊರಗೆ ಬರೋ ಹೊತ್ತಿಗೆ ಗಡ್ಡದಲ್ಲಿ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು, ನಾನೇ ಕಣ್ಣಾರೆ ನೋಡಿದೀನಿ.

ಜಾಗ ಗೊತ್ತಾದ್ರೆ ಒಳಗಿಂದ ಮೂರು ಸಲ ಬಡಿಯೋನು. ಹೊರಗೆ ನಲ್ಲಿ, ಗಿಡ ಏನೂ ಅಡ್ಡ ಇಲ್ದಿದ್ರೆ ಮಗಳು ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ತಿರುಗಿ ಮೂರು ಸಲ ಬಡಿಯೋಳು. ಆಮೇಲೇ ಒಳಗೆ ಗರಗಸದ ಸದ್ದು. ಹದಿನೆಂಟು ವರ್ಷದಿಂದ ಹೀಗೇ.

ಬೆಳಗ್ಗೆ ಡಾಕ್ಟರು, ಅದೊಂದು ಕಡ್ಡಿ ಪೈಲ್ವಾನು, ಕಿಂಡೀಲಿ ಇಳಿದು ನೋಡಿ ಹತ್ತಿ ಬಂದಿದ್ದರು. "ಹೃದಯ. ಸಂಜೆ ಯಾರಾದ್ರೂ ಹತ್ರ ಇದ್ದಿದ್ರೆ ಉಳೀತಿದ್ರು" ಅಂದು ಹೊರಟುಹೋದರು. ಸೆಟೆದ ದೇಹ ಆ ಕಿಂಡೀಲಿ ಬರೋ ಹಾಗಿರಲಿಲ್ಲ. ಚಾವಣಿ ಕಿತ್ರೆ ಅವನ ಮೇಲೇ ಬೀಳತ್ತೆ.

"ಸಂಜೆ ನೀನಿದ್ದೆಯಲ್ಲ" ಅಂದ ಚಿಕ್ಕಪ್ಪ. "ಅಣ್ಣ ಬಡೀಲಿಲ್ವಾ?"

ಮಗಳು ಆಚೆ ಕೂತಿದ್ದ ಅಮ್ಮನ ಮುಖ ನೋಡಿದಳು.

"ಇಲ್ಲ. ಏನೂ ಕೇಳಿಸ್ಲಿಲ್ಲ."

*

ಹಿಂದಿನ ಸಂಜೆ ಅಪ್ಪ ಏಣಿ ಹತ್ತೋವಾಗ ಅವಳು ಕೇಳಿದ್ದಳು. "ಈ ಸಲ ಒಳಗೆ ನಾನು ಹೋಗ್ಲಾಪ್ಪ?"

"ನಿನಗಿನ್ನೂ ಕಣ್ಣು ಬಂದಿಲ್ಲ."

"ನಲವತ್ತಾಯ್ತು. ಚಾಳೀಸೇ ಬಂತು, ಕಣ್ಣು ಇನ್ಯಾವಾಗ ಬರತ್ತೆ?"

"ಹೊರಗೆ ನಿಲ್ಲೋಕೂ ಒಬ್ರು ಬೇಕಲ್ಲೇ."

"ಹಾಗಾದ್ರೆ ಹೊರಗೂ ನೀನೇ ನಿಂತ್ಕೋ" ಅಂದು ಅವಳು ಮರದಡಿ ಕೂತು ಊಟದ ಡಬ್ಬಿ ಬಿಚ್ಚಿದಳು.

ಮೂರು ಬಡಿತ ಕೇಳಿಸ್ತು, ನಲ್ಲಿ ಕಡೆ ಗೋಡೆ, ಎದೆಯೆತ್ತರ. ಅವಳು ಏಳಲಿಲ್ಲ. ಇರ್ಲಿ, ಒಂದಿನ ಕಾಯ್ಲಿ. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಅದೇ ಗೋಡೆ, ಸೊಂಟದೆತ್ತರ, ಒಂದೊಂದರ ನಡುವೆ ಬಿಡುವು. ಮುದುಕನಿಗೆ ಮನಸ್ಸು ಬದಲಾಯ್ತೇನೋ, ಕಿಟಕಿ ಕೇಳ್ತಿದಾನೇನೋ. ಇನ್ನೊಂದು ತುತ್ತು ಕಲಸಿದಳು. ಆಮೇಲೆ ನೆಲದ ಹತ್ರ ಒಂದೇ ಒಂದು, ಮೆತ್ತಗೆ. ನಾಟಕ ನೋಡು ಇವನದು ಅಂತ ಅವಳಿಗೆ ನಗು ಬಂತು.

ಕೈ ತೊಳೆದು ಮನೆಗೆ ಹೋದಳು. "ಅಪ್ಪ ಅಲ್ಲೇ ಮಲಗ್ತಾನಂತೆ" ಅಂತ ಅಮ್ಮನಿಗೆ ಹೇಳಿದಳು. ಅವನು ಹಾಗೆ ಮಲಗೋದು ಹೊಸದಲ್ಲವಾದ್ರಿಂದ ಅಮ್ಮನೂ ಹೂಂ ಅಂದಳು.

*

ಚಿಕ್ಕಪ್ಪ ಅಂಗೈಗೆ ಉಗುಳಿ ಮತ್ತೆ ಕೊಡಲಿ ಹಿಡಿದ. ಬೆಳಗಿಂದ ಬಾಯಿ ಬಿಡದ ಅಮ್ಮ ಆಗ ಎದ್ದು ಬಂದಳು.

"ಊರೋರಿಗೆಲ್ಲ ಬಾಗಿಲು ಕೊಯ್ದು ಕೊಟ್ಟೋರು, ಕನ್ನ ಕೊರೆದ ಕಳ್ಳನ ಹಾಗೆ ಹೊರಗೆ ಬರ್ಬೇಕಾ?" ಅಂದಳು. ಮಗಳ ಕೈಗೆ ಸೀಮೆಸುಣ್ಣ ಇಟ್ಟಳು. "ಕೇಳಿಸ್ದೇ ಇದ್ರೆ ಏನಂತೆ. ಅವ್ರ ಕೆಲ್ಸ ನಿನ್ನಷ್ಟು ಬಲ್ಲೋರ್ಯಾರು? ಎಲ್ಲಿ ಬಡಿದಿರ್ತಿದ್ರು ಅಂತ ಊಹೆ ಮಾಡಿ ಹಾಕು."

ಊಹೆ ಅಂದ್ಬಿಟ್ರೆ ಮುಗೀತಿತ್ತು. ಯಾರಿಗೂ ತಿಳೀತಿರಲಿಲ್ಲ.

ಅವಳು ನಲ್ಲಿ ಕಡೆ ಗೋಡೆಗೆ ಹೋಗಿ ಎದೆಯೆತ್ತರದಲ್ಲಿ ಮೂರು ಗೆರೆ ಎಳೆದಳು. "ಸರಿ, ಇಲ್ಲೇ ಕೊಯ್ಯೋಣ" ಅಂದ ಚಿಕ್ಕಪ್ಪ, ಗರಗಸ ತಗೊಂಡ. ಅವಳ ಕೈ ಮಾತ್ರ ನಿಲ್ಲಲಿಲ್ಲ. ಒಂದು ಮೊಳ ಆಚೆ ಸರಿದು, ಸೊಂಟದೆತ್ತರದಲ್ಲಿ ಮತ್ತೆ ಮೂರು, ಬಿಡಿಬಿಡಿಯಾಗಿ.

"ಅದ್ಯಾಕಮ್ಮ ಎರಡೆರಡು ಬಾಗಿಲು?"

ಅವಳು ಮಂಡಿಯೂರಿ, ಹುಲ್ಲು ಬದಿಗೆ ಸರಿಸಿ, ನೆಲಕ್ಕೆ ಗೇಣು ಮೇಲೆ ಒಂದೇ ಒಂದು ಗೆರೆ ಎಳೆದಳು.

ಅಮ್ಮನ ಕಣ್ಣು ಮೇಲಿನ ಗೆರೆಯಿಂದ ಕೆಳಗಿನ ಗೆರೆ ತನಕ ನಿಧಾನಕ್ಕೆ ಇಳೀತು. ಚಿಕ್ಕಪ್ಪನ ಕೈಯಿಂದ ಗರಗಸ ಜಾರಿ ಹುಲ್ಲಿಗೆ ಬಿತ್ತು.

ಮಗಳು ಬೆರಳು ಮಡಿಸಿ, ಆ ಕೊನೇ ಗೆರೆ ಮೇಲೆ ಮೂರು ಸಲ ತಿರುಗಿ ಬಡಿದಳು. ಆಮೇಲೆ ಹಲಗೆಗೆ ಕಿವಿ ಆನಿಸಿ, ಗರಗಸದ ಸದ್ದಿಗೆ ಕಾಯ್ತಾ ಹಾಗೇ ಕೂತ್ಬಿಟ್ಟಳು.

ಮುಂದೇನಾಯ್ತು ಅಂತ ಬಾಯಿ ಬಿಡ್ಕೊಂಡು ಕೂರ್ಬೇಡ. ಎದ್ದು ಹೋಗಿ ನನಗೊಂದು ಲೋಟ ನೀರು ತಾ. ಆಗ್ಲೇ ಎರಡು ಸಲ ಕೇಳಿದೀನಿ, ಕೇಳಿಸ್ಲಿಲ್ಲ ಅನ್ಬೇಡ.